ರೋಣ, ನರಗುಂದ, ಗಜೇಂದ್ರಗಡ: ದುಡ್ಡು ಹಾಕುವ ಮೊದಲು ಊರನ್ನು ಅರಿಯೋಣ

ನಮ್ಮ ಮದುವೆ ಮನೆಗಳಲ್ಲಿ, ಜುಮಾ ಮುಗಿದು ಪಳ್ಳಿಯ ಅಂಗಳದಲ್ಲಿ ನಿಂತಾಗ, ಈಗ ಒಂದೇ ಮಾತು. ಗಲ್ಫ್‌ನಲ್ಲಿ ಮೊದಲಿನ ಹಾಗಿಲ್ಲ, ಮಂಗಳೂರಿನಲ್ಲಿ ಒಂದು ಸಣ್ಣ ಅಂಗಡಿ ಕೋಣೆಗೂ ಕೈ ಹಾಕಲು ಆಗುವುದಿಲ್ಲ, ಹುಡುಗರು ಏನು ಮಾಡ್ಬೇಕು? ಇದಕ್ಕೆ ಕೆಲವರು ಕೊಡುವ ಉತ್ತರ ‘ಘಟ್ಟ ಹತ್ತಿ’ ಎಂಬುದು. ಉತ್ತರ ಕರ್ನಾಟಕದಲ್ಲಿ ಜಾಗ ಅಗ್ಗ, ಜನ ಒಳ್ಳೆಯವರು, ಸ್ಪರ್ಧೆ ಕಡಿಮೆ ಎನ್ನುತ್ತಾರೆ. ಸರಕಾರವೂ ಅದನ್ನೇ ದೊಡ್ಡ ವೇದಿಕೆಯಲ್ಲಿ ಹೇಳುತ್ತಿದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತೆಂದು ಘೋಷಣೆಯಾಯಿತು. ಬೆಂಗಳೂರಿನ ಹೊರಗೆ ಹೋಗುವವರಿಗೆ ಹೆಚ್ಚು ರಿಯಾಯಿತಿ ಎಂದೂ ಹೇಳಲಾಯಿತು.

ಆದರೆ ‘ಉತ್ತರ ಕರ್ನಾಟಕ’ ಎಂಬ ಹೆಸರಿನ ಊರು ಎಲ್ಲಿಯೂ ಇಲ್ಲ. ಇರುವುದು ತಾಲೂಕುಗಳು, ಸಂತೆಗಳು, ಹೊಲಗಳು, ಮನುಷ್ಯರು. ಹಾಗಾಗಿ ಈ ವಾರ ನಾವು ಗದಗ ಜಿಲ್ಲೆಯ ಮೂರು ತಾಲೂಕುಗಳನ್ನು ಮಾತ್ರ ಎದುರಿಗಿಟ್ಟುಕೊಂಡು ನೋಡೋಣ: ರೋಣ, ನರಗುಂದ, ಗಜೇಂದ್ರಗಡ. ವ್ಯಾಪಾರಕ್ಕೂ ಬಾಳುವೆಗೂ ಈ ಊರುಗಳು ಹೇಗೆ? ಅಲ್ಲಿಗೆ ಹೋದರೆ ನಮ್ಮಿಂದ ಆ ಊರಿಗೆ ಏನು ಸಿಗಬೇಕು? ಎರಡನೇ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಮೊದಲು ನಮ್ಮ ಕಡೆಯ ಲೆಕ್ಕ. ಎಪ್ಪತ್ತರ ದಶಕದಿಂದ ಗಲ್ಫ್ ನಮ್ಮ ಮನೆಗಳ ಒಲೆ ಉರಿಸಿದೆ. ಆ ಬಾಗಿಲು ಮುಚ್ಚಿಲ್ಲ, ಕಿರಿದಾಗಿದೆ. 2013ರ ಸುಮಾರಿಗೆ ಸೌದಿಯಲ್ಲಿ ನಿತಾಖತ್ ಬಿಗಿಯಾಯಿತು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸ ಪೂರ್ತಿಯಾಗಿ ಸೌದಿಗಳಿಗೇ ಎಂದಾಯಿತು. 2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್ ಅದಕ್ಕೇ ಹೋಯಿತು. ಕುಟುಂಬಗಳು ಊರಿಗೆ ಬಂದವು. ಆಮೇಲೆ ಕೊರೋನ. ಮರಳಿ ಬಂದವರ ಕೈಯಲ್ಲಿ ಅಷ್ಟೋ ಇಷ್ಟೋ ಉಳಿತಾಯ ಇತ್ತು. ಅದು ಎಲ್ಲಿಗೆ ಹೋಯಿತು? ಹೆಚ್ಚಿನದು ಮನೆಗೆ, ಮದುವೆಗೆ, ಫ್ಲ್ಯಾಟಿಗೆ. ಇನ್ನು ಕೆಲವರದ್ದು ‘ಹಲಾಲ್ ಲಾಭ’ ಎಂಬ ಬೋರ್ಡು ನೋಡಿ ಹೋಯಿತು. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಬಂಡವಾಳ ಇದೆ, ದುಡಿಯುವ ಕೈ ಇದೆ, ಆದರೆ ಕಣ್ಣಿಗೆ ಕಾಣುವ ವ್ಯಾಪಾರ ಇಲ್ಲ. ನಮ್ಮ ಸಮುದಾಯದ ಇಂದಿನ ಆರ್ಥಿಕ ಸಮಸ್ಯೆ ಇದೇ.

ಈಗ ಆ ಮೂರು ತಾಲೂಕುಗಳ ಕಡೆಗೆ. ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದದ್ದು 1997ರಲ್ಲಿ. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 10.64 ಲಕ್ಷ, ನಮ್ಮ ದಕ್ಷಿಣ ಕನ್ನಡದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗಜೇಂದ್ರಗಡ ಹಿಂದೆ ರೋಣ ತಾಲೂಕಿಗೆ ಸೇರಿತ್ತು, ಈಚೆಗೆ ಪ್ರತ್ಯೇಕ ತಾಲೂಕಾಯಿತು. ಮೂರೂ ಪುರಸಭೆ ಇರುವ ಸಣ್ಣ ಪಟ್ಟಣಗಳು. ನರಗುಂದ ರಾಷ್ಟ್ರೀಯ ಹೆದ್ದಾರಿ 52ರಲ್ಲೇ ಇದೆ. ನಮ್ಮ ಕರಾವಳಿ ಹೆದ್ದಾರಿಯಲ್ಲಿ ಅಂಕೋಲಾ ತನಕ ಹೋಗಿ ಬಲಕ್ಕೆ ತಿರುಗಿದರೆ ಯಲ್ಲಾಪುರ, ಹುಬ್ಬಳ್ಳಿ, ನವಲಗುಂದ, ನರಗುಂದ, ಎಲ್ಲ ಅದೇ ರಸ್ತೆ. ಮಂಗಳೂರು–ವಿಜಯಪುರ ರೈಲು ಹುಬ್ಬಳ್ಳಿ, ಗದಗ ದಾಟಿಯೇ ಹೋಗುತ್ತದೆ. ರೋಣ ತಾಲೂಕಿನ ಹೊಳೆಆಲೂರು ಆ ರೈಲು ಮಾರ್ಗದ ಮೇಲಿದೆ. ಗಜೇಂದ್ರಗಡಕ್ಕೆ ರೈಲಿಲ್ಲ. ಆದರೆ ಗದಗ–ವಾಡಿ ಹೊಸ ಮಾರ್ಗದಲ್ಲಿ 2025ರಲ್ಲಿ ಪಕ್ಕದ ಕುಷ್ಟಗಿಯವರೆಗೆ ರೈಲು ಬಂದಿದೆ.

ನೆಲ ಎರೆಭೂಮಿ. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ನಮ್ಮಲ್ಲಿ ಒಂದು ಒಳ್ಳೆಯ ಜೂನ್ ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಷ್ಟರಲ್ಲೇ ಅವರು ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋಧಿ, ಕುಸುಬೆ ಬೆಳೆಯುತ್ತಾರೆ. ನಮ್ಮ ಅಡುಗೆಮನೆಯ ಅರ್ಧ ಡಬ್ಬಿಗಳು ಅಲ್ಲಿಂದಲೇ ತುಂಬುವುದು. ಬ್ಯಾಡಗಿ ಮೆಣಸು ಇಲ್ಲದೆ ನಮ್ಮ ಮೀನು ಸಾರಿಗೆ ಬಣ್ಣ ಬರುವುದಿಲ್ಲ. ಅದರ ಹೆಸರು ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯದ್ದು, ಆದರೆ ಗಿಡ ಬೆಳೆಯುವುದು ಗದಗ, ಧಾರವಾಡ ಜಿಲ್ಲೆಗಳ ಹೊಲಗಳಲ್ಲಿ ಕೂಡ. ಗಜೇಂದ್ರಗಡದ ಕೈಮಗ್ಗಕ್ಕೆ ಹಳೆಯ ಹೆಸರಿದೆ. ಅಲ್ಲಿನ ‘ಪಟ್ಟೇದ ಅಂಚು’ ಹತ್ತಿ ಸೀರೆ ಮೂಲೆಗೆ ಸೇರಿ ಹೋಗಿತ್ತು, ಈಗ ಮತ್ತೆ ಪೇಟೆಗೆ ಬರುತ್ತಿದೆ. ಅದೇ ಊರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ರೋಣದಿಂದ ಬಾದಾಮಿ ದೂರವಿಲ್ಲ, ಸೂಡಿಯ ಕಲ್ಲಿನ ಹೊಂಡ, ಗಜೇಂದ್ರಗಡದ ಕೋಟೆ ದಾರಿಯಲ್ಲೇ ಸಿಗುತ್ತವೆ. 1787ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವೆ ಸಂಧಿಯಾದದ್ದು ಇದೇ ಗಜೇಂದ್ರಗಡದಲ್ಲಿ. ಭೀಮಸೇನ ಜೋಶಿಯವರು ಹುಟ್ಟಿದ್ದು ರೋಣದಲ್ಲಿ, 1922ರಲ್ಲಿ.

ಇಷ್ಟನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿದರೆ ಒಳ್ಳೆಯ ಜಾಹೀರಾತು ಆಗುತ್ತದೆ. ಆದರೆ ಜಾಹೀರಾತು ನೋಡಿ ಹೆಣ್ಣು ಕೇಳಲು ಹೋಗುವವರಿಲ್ಲ ಅಲ್ವಾ? ಮನೆ ನೋಡಬೇಕು, ನೀರು ನೋಡಬೇಕು, ನೆರೆಹೊರೆ ನೋಡಬೇಕು.

ನೀರಿನಿಂದಲೇ ಶುರು ಮಾಡೋಣ. ನರಗುಂದ, ರೋಣದ ಹೊಲಗಳಿಗೆ ಆಧಾರ ಮಲಪ್ರಭಾ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು, ಸಾಮರ್ಥ್ಯ ಸುಮಾರು 37 ಟಿಎಂಸಿ. ಆದರೆ ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ಕಾಲುವೆ ತೋಡಿದ ಸರಕಾರ ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದು ನಿಂತರು. ಗೋಲಿಬಾರ್ ಆಯಿತು, ರೈತರು ಸತ್ತರು, ಪೊಲೀಸರೂ ಜೀವ ಕಳಕೊಂಡರು. ಕರ್ನಾಟಕದ ರೈತ ಚಳವಳಿಗೆ ಬಲ ಬಂದದ್ದು ಆ ದಿನದಿಂದ. ಇಂದಿಗೂ ಅಲ್ಲಿ ಜುಲೈ 21 ಹುತಾತ್ಮರ ದಿನ. 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ಮತ್ತೆ ಧರಣಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. 2020ರಲ್ಲಿ ಅಧಿಸೂಚನೆಯೂ ಬಂತು. ನೀರು ಮಾತ್ರ ಇನ್ನೂ ಬರಲಿಲ್ಲ.

ಒಂದು ಕಡೆ ಬರ, ಇನ್ನೊಂದು ಕಡೆ ನೆರೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಕಡೆಯ ಊರುಗಳು ಮುಳುಗಿದವು. ಹೆದ್ದಾರಿಯ ಮೇಲೆಯೇ ನೀರು ನಿಂತಿತು. ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗೇ ನೆಲ ಕುಸಿದ ಘಟನೆಗಳಿವೆ. ಹಿಂದಿನವರು ಕಾಳು ಇಡಲು ನೆಲದಡಿ ತೋಡಿದ್ದ ಹಗೇವುಗಳಿಗೆ ಅಂತರ್ಜಲ ಏರಿ ನುಗ್ಗಿದ್ದು ಅದಕ್ಕೆ ಕಾರಣವೆಂದು ಹೇಳಲಾಯಿತು. ಗೋದಾಮು ಕಟ್ಟುವವನು, ಮನೆ ಕೊಳ್ಳುವವನು ಈ ಮೂರನ್ನೂ ಕೇಳಿ ತಿಳಿಯಬೇಕು: ಬೇಸಿಗೆಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, 2019ರಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತು, ಕೆಳಗೆ ಹಗೇವು ಇದೆಯೇ. ಬ್ರೋಕರ್ ಇದನ್ನು ಹೇಳುವುದಿಲ್ಲ. ಪಕ್ಕದ ಮನೆಯ ಅಜ್ಜ ಹೇಳುತ್ತಾರೆ.

ಎರಡನೆಯದು ಜಮೀನು. 2010ರ ಹೂಡಿಕೆದಾರರ ಸಮಾವೇಶದಲ್ಲಿ ಇದೇ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದೆಂದು ಹೇಳಲಾಗಿತ್ತು, ಸುಮಾರು 32 ಸಾವಿರ ಕೋಟಿ ರೂಪಾಯಿ, ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿ. ರೈತರು ಬೇಡ ಎಂದರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜತೆ ನಿಂತರು. 2011ರಲ್ಲಿ ಸರಕಾರ ಹಿಂದೆ ಸರಿಯಿತು, 2013ರಲ್ಲಿ ಕಂಪೆನಿಯೇ ಯೋಜನೆ ಕೈಬಿಟ್ಟಿತು. ಕೆಲವರು ಇದನ್ನು ‘ಬಂದ ಭಾಗ್ಯವನ್ನು ಒದ್ದರು’ ಎಂದು ಹೇಳುತ್ತಾರೆ. ನಮ್ಮ ಬಜ್ಪೆ, ಪೆರ್ಮುದೆ ಕಡೆ ವಿಶೇಷ ಆರ್ಥಿಕ ವಲಯಕ್ಕೆ ಜಮೀನು ಬಿಟ್ಟುಕೊಟ್ಟವರ ಪಾಡು ಕಂಡ ನಾವು ಹಾಗೆ ಹೇಳಲಾರೆವು. ಊರು ಬೆಳೆಯಬೇಕೆಂದರೆ ಊರಿನವರು ಊರಲ್ಲೇ ಇರಬೇಕು.

2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ರೈತರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಅಂದಿನಿಂದ ನಮ್ಮೋರಲ್ಲೂ ಒಂದು ಹುಮ್ಮಸ್ಸು: ಅಲ್ಲಿ ಹತ್ತು ಎಕರೆ ತೆಗೆದಿಟ್ಟರೆ ನಾಳೆ ರೇಟು ಏರುತ್ತದೆ ಎಂದು. ತೆಗೆದಿಟ್ಟು ಬೀಳು ಬಿಡುವ ಜಮೀನಿನಿಂದ ಆ ಊರಿಗೆ ಒಂದು ಕಾಳೂ ಇಲ್ಲ, ನಮ್ಮ ಹುಡುಗನಿಗೆ ಒಂದು ಕೆಲಸವೂ ಇಲ್ಲ. ಬರಗಾಲದಲ್ಲಿ ಸಾಲಕ್ಕೆ ಸಿಕ್ಕ ರೈತ ಮಾರುತ್ತಾನೆ, ಆಮೇಲೆ ಅದೇ ಹೊಲದಲ್ಲಿ ಕೂಲಿಯಾಗುತ್ತಾನೆ ಅಥವಾ ಕೆಲಸ ಹುಡುಕಿ ಗೋವಾಕ್ಕೆ, ಮಂಗಳೂರಿಗೆ ಬಸ್ ಹತ್ತುತ್ತಾನೆ. ನಮ್ಮ ಮನೆಗಳ ಕಲ್ಲು, ಸಿಮೆಂಟು ಹೊರುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆಯವರು ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಕೇಳಿ ನೋಡಿ. ಅವರ ಊರಿನಲ್ಲೇ ಅವರಿಗೆ ಕೆಲಸ ಆಗುವ ಹಾಗೆ ದುಡ್ಡು ಹಾಕಿದರೆ ಅದು ಹೂಡಿಕೆ. ಅವರ ನೆಲವನ್ನು ಕಟ್ಟಿಡಲು ಹಾಕಿದರೆ ಅದಕ್ಕೆ ಬೇರೆ ಹೆಸರಿದೆ.

ಹಾಗಾದರೆ ಯಾವ ವ್ಯಾಪಾರ? ನಮಗೆ ಗೊತ್ತಿರುವ ಕೆಲಸವನ್ನೇ ನೋಡೋಣ. ಬ್ಯಾರಿಗಳು ತಲೆಮಾರುಗಳಿಂದ ಬಂದರು ಪೇಟೆಯವರು. ಒಣಮೀನು, ತೆಂಗಿನಕಾಯಿ, ಅಡಿಕೆ ಘಟ್ಟ ಹತ್ತಿದವು, ಮೆಣಸು, ಉಳ್ಳಿ, ಬೇಳೆ ಘಟ್ಟ ಇಳಿದವು. ಈ ದಾರಿ ಹೊಸತಲ್ಲ. ಹೊಸತಾಗಿ ಆಗಬೇಕಾದ್ದು ನಡುವಿನ ಕೈಗಳನ್ನು ಕಡಿಮೆ ಮಾಡುವುದು ಮತ್ತು ಮಾಲನ್ನು ಅಲ್ಲೇ ಹಸನು ಮಾಡುವುದು. ಹೆಸರು ಕಾಳನ್ನು ತೆಗೆದುಕೊಳ್ಳಿ. 2025–26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 8,768 ರೂಪಾಯಿ. ಬೆಳೆ ಕೈಗೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಮಳೆಯ ನಡುವೆ. ಒಣಗಿಸಲು ಜಾಗ ಇಲ್ಲ, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲು ಸಾಲ ಕೊಟ್ಟವನು ಬಿಡುವುದಿಲ್ಲ. ರೈತ ಸಿಕ್ಕಿದ ರೇಟಿಗೆ ಕೊಟ್ಟುಬಿಡುತ್ತಾನೆ. ಒಣಗಿಸುವ ಯಂತ್ರ, ಕಾಳು ಸ್ವಚ್ಛ ಮಾಡುವ ಘಟಕ, ಸಣ್ಣ ಬೇಳೆ ಮಿಲ್, ಇವುಗಳಿಗೆ ಬೇಕಾದ್ದು ನೂರಾರು ಕೋಟಿಯಲ್ಲ. ನಾಲ್ಕೈದು ಕುಟುಂಬ ಸೇರಿದರೆ ಆಗುವ ಬಂಡವಾಳ.

ಮೆಣಸಿನದ್ದೂ ಹಾಗೆಯೇ, ಆದರೆ ಅಪಾಯ ಹೆಚ್ಚು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಗೇ ಕುಸಿಯಿತೆಂದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟರು. ಬೆಂಕಿ ಇಟ್ಟದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ವರ್ಷವಿಡೀ ಬೆವರು ಸುರಿಸಿದವನಿಗೆ ದರ ಗೊತ್ತಾಗುವುದು ಪೇಟೆಯ ಬಾಗಿಲಲ್ಲಿ ನಿಂತಾಗ ಮಾತ್ರ ಎಂಬ ವ್ಯವಸ್ಥೆ ಸರಿಯೇ? ನಮ್ಮ ಊರಿನ ಮಸಾಲೆ ಗಿರಣಿಯವರು, ಹೋಟೆಲಿನವರು, ಅಂಗಡಿಯವರು ಒಟ್ಟಾಗಿ ರೋಣ, ನರಗುಂದದ ರೈತ ಉತ್ಪಾದಕರ ಗುಂಪುಗಳ ಜತೆ ಮೊದಲೇ ದರ ಮಾತಾಡಿ ಕೊಳ್ಳಬಹುದು. ತೊಟ್ಟು ಬಿಡಿಸುವುದು, ಒಣಗಿಸುವುದು, ಪುಡಿ ಮಾಡುವುದು ಅಲ್ಲೇ ಆದರೆ ಅಲ್ಲಿನ ಹೆಂಗಸರ ಕೈಗೆ ಕೆಲಸ. ಸಹಕಾರ ಎಂಬುದು ಆ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲೇ ಸಿದ್ಧನಗೌಡ ಪಾಟೀಲರು ಈ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು.

ಇಲ್ಲಿ ನಮ್ಮ ದೀನಿನ ಮಾತು ಬರುತ್ತದೆ, ಏಕೆಂದರೆ ವ್ಯಾಪಾರದ ಅಧ್ಯಾಯವನ್ನು ಕಿತಾಬಿನಲ್ಲಿ ಓದಿ ಬಿಡುವುದು ನಮ್ಮ ರೂಢಿಯಾಗಿದೆ. ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅವರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್ (ರ) ತನ್ನ ಅರ್ಧ ಆಸ್ತಿ ಕೊಡಲು ಮುಂದಾದರು. ಇವರು ದುಆ ಮಾಡಿ, ಪೇಟೆಯ ದಾರಿ ಎಲ್ಲಿ ಎಂದಷ್ಟೇ ಕೇಳಿದರು. ತುಪ್ಪ, ಒಣಗಿಸಿದ ಗಿಣ್ಣು ಮಾರಿ ಮೇಲೆ ಬಂದರು. ಹೊಸ ಊರಿಗೆ ಹೋಗುವವನ ಅದಬ್ ಇದು: ಅಲ್ಲಿನವರ ಆಸ್ತಿಯ ಮೇಲೆ ಕಣ್ಣಿಡದೆ ಅಲ್ಲಿನ ಪೇಟೆಯಲ್ಲಿ ದುಡಿಯುವುದು. ಪೇಟೆಯ ದರ ಗೊತ್ತಾಗುವ ಮೊದಲೇ ಊರ ಹೊರಗೆ ಹೋಗಿ ಮಾಲು ತರುವವರನ್ನು ಅಡ್ಡಹಾಕಿ ಕಡಿಮೆಗೆ ಕೊಳ್ಳುವುದನ್ನು ಪ್ರವಾದಿ (ಸ) ತಡೆದರು. ಹೊಲದ ಬದುವಿನಲ್ಲೇ ರೈತನಿಗೆ ಸುಳ್ಳು ದರ ಹೇಳಿ ಹೆಸರು ಎತ್ತುವುದು ಅದೇ ಅಲ್ವಾ? ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗೆ ಒದ್ದೆ ಇದ್ದುದನ್ನು ಕಂಡು, ಮೋಸ ಮಾಡುವವನು ನಮ್ಮವನಲ್ಲ ಎಂದು ಪ್ರವಾದಿ (ಸ) ಎಚ್ಚರಿಸಿದ್ದೂ ಗೊತ್ತಿದೆ. ತೂಕಕ್ಕೆ ಮೆಣಸಿಗೆ ನೀರು ಚಿಮುಕಿಸುವವರಿಗೆ, ಪುಡಿಗೆ ಬಣ್ಣ ಬೆರೆಸುವವರಿಗೆ ಬೇರೆ ಫತ್ವಾ ಬೇಕಿಲ್ಲ.

ಝಕಾತಿನ ವಿಷಯದಲ್ಲೂ ಒಂದು ಮಾತು. ನಾವು ಶಾಫಿಈಗಳು. ನಮ್ಮ ಮದ್ಹಬಿನ ಪ್ರಬಲ ಅಭಿಪ್ರಾಯದಂತೆ ಸಂಪತ್ತು ಎಲ್ಲಿದೆಯೋ ಝಕಾತ್ ಅಲ್ಲಿನ ಹಕ್ಕುದಾರರಿಗೆ ಸಲ್ಲಬೇಕು, ಬೇರೆ ಊರಿಗೆ ಸಾಗಿಸಬಾರದು. ಗಜೇಂದ್ರಗಡದ ಗೋದಾಮಿನಲ್ಲಿ ಮಾಲು ಇಟ್ಟವನ ಝಕಾತಿನ ಮೊದಲ ಹಕ್ಕುದಾರ ಗಜೇಂದ್ರಗಡದ ಬಡವ, ಉಳ್ಳಾಲದ ಕಟ್ಟಡವಲ್ಲ. ಇದನ್ನು ನಾವು ಪಾಲಿಸಿದರೆ ಸಾಕು, ‘ಹೊರಗಿನಿಂದ ಬಂದು ದೋಚಿಕೊಂಡು ಹೋದರು’ ಎಂಬ ಮಾತಿಗೆ ಎಡೆಯೇ ಇಲ್ಲ.

ಇನ್ನು ಬಾಳುವೆ. ವ್ಯಾಪಾರಕ್ಕೆ ಹೋದವನು ಇವತ್ತಲ್ಲ ನಾಳೆ ಮನೆಯವರನ್ನು ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಬ್ಯಾರಿ ಭಾಷೆ ಕೇಳಿಸುವುದಿಲ್ಲ. ಅಲ್ಲಿನ ಮುಸ್ಲಿಮರಲ್ಲಿ ದಖ್ಖನಿ ಉರ್ದು ಆಡುವವರಿದ್ದಾರೆ, ಮನೆಯೊಳಗೂ ಕನ್ನಡವನ್ನೇ ಆಡುವ ನದಾಫ್–ಪಿಂಜಾರ ಕುಟುಂಬಗಳಿವೆ. ಹೆಚ್ಚಿನವರು ಹನಫಿಗಳು. ಅಸರ್ ಬಾಂಗು ನಮ್ಮದಕ್ಕಿಂತ ತಡವಾಗಿ ಕೇಳುತ್ತದೆ, ಸುಬ್‌ಹ್ ನಮಾಝಿನಲ್ಲಿ ಇಮಾಮರು ಖುನೂತ್ ಓದುವುದಿಲ್ಲ. ನಮ್ಮ ಹುಡುಗರು ಇದನ್ನೇ ದೊಡ್ಡ ವಿಷಯ ಮಾಡಿ ಬೇರೆ ಪಳ್ಳಿ ಕಟ್ಟಲು ಹೊರಡಬಾರದು. ಮೊಹರಂ ಅಲ್ಲಿ ಹಿಂದೂ–ಮುಸ್ಲಿಮರು ಸೇರಿ ಮಾಡುವ ಊರಹಬ್ಬ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಉತ್ತರ ಕರ್ನಾಟಕದಲ್ಲಿ ಪಂಜಾ ಕೂರಿಸುತ್ತಾರೆ. ಅದರಲ್ಲಿ ನಾವು ಒಪ್ಪದ ಆಚಾರಗಳಿವೆ, ನಿಜ. ಆದರೆ ಆ ಹಬ್ಬ ಜನರನ್ನು ಒಂದೇ ಅಂಗಳದಲ್ಲಿ ಕೂರಿಸಿದೆ ಎಂಬುದೂ ನಿಜ. ಹೋದ ವರ್ಷ ಬಂದವನು ನೂರಾರು ವರ್ಷದ ನೆರೆಹೊರೆಗೆ ಪಾಠ ಹೇಳುವ ಅವಸರ ಮಾಡಬಾರದು.

ಹಾಗೆಂದು ಎಲ್ಲವೂ ಜೇನು ಎಂದು ಹೇಳಿದರೆ ಅದು ಅಮಾನತಿಗೆ ದ್ರೋಹ. 2022ರ ಜನವರಿಯಲ್ಲಿ ನರಗುಂದದಲ್ಲಿ ದ್ವೇಷ ಭಾಷಣದ ಬೆನ್ನಿಗೇ ಒಬ್ಬ ಮುಸ್ಲಿಂ ಯುವಕನ ಕೊಲೆಯಾಯಿತು. ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಎಂದಾಯಿತು. ಕರಾವಳಿಯ ವಿಷದಿಂದ ತಪ್ಪಿಸಿಕೊಳ್ಳಲು ಘಟ್ಟ ಹತ್ತುತ್ತೇವೆ ಎನ್ನುವವರು ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ವಿಷಕ್ಕೆ ಘಟ್ಟ ಅಡ್ಡಿಯಲ್ಲ. ಆದರೆ ಅದೇ ಜಿಲ್ಲೆಯಲ್ಲಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಪಡೆದ ತೋಂಟದ ಸಿದ್ಧಲಿಂಗ ಸ್ವಾಮೀಜಿಯಂಥವರು ದಶಕಗಳ ಕಾಲ ಬೀಜ ಬಿತ್ತಿದ್ದಾರೆ. ಅವರು 2018ರಲ್ಲಿ ತೀರಿಕೊಂಡರು, ಬಿತ್ತಿದ್ದು ಉಳಿದಿದೆ. ರೈತ ಹೋರಾಟಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟ ಜನ ಅವರು. ಅಂಥ ಊರಿನಲ್ಲಿ ನೀರಿನ ಧರಣಿ ನಡೆಯುವಾಗ ಅಂಗಡಿ ಬಾಗಿಲು ಎಳೆದು ಅವರ ಜತೆ ಕೂರುವ ವ್ಯಾಪಾರಿ ಬೇಗ ಊರಿನವನಾಗುತ್ತಾನೆ.

ಕೊನೆಗೆ ನಮ್ಮ ಜಮಾಅತ್ ಸಮಿತಿಗಳಿಗೆ, ಅನಿವಾಸಿ ಸಂಘಟನೆಗಳಿಗೆ ಕೆಲವು ಮಾತು. ಒಂದು, ದುಡ್ಡು ಸಂಗ್ರಹಿಸುವ ಮೊದಲು ನಾಲ್ಕು ಜನ ಬಲ್ಲವರನ್ನು ಮುಂಗಾರಿಯಲ್ಲೊಮ್ಮೆ, ಹಿಂಗಾರಿಯಲ್ಲೊಮ್ಮೆ, ಏಪ್ರಿಲ್ ಬಿಸಿಲಿನಲ್ಲೊಮ್ಮೆ ಅಲ್ಲಿಗೆ ಕಳಿಸಿ. ಒಂದೇ ಋತುವಿನಲ್ಲಿ ನೋಡಿದ ಊರು ಅರ್ಧ ಊರು. ಎರಡು, ಕೂಡು ವ್ಯಾಪಾರ ಮಾಡುವುದಾದರೆ ಮುಳಾರಬ ಅಥವಾ ಶಿರ್ಕತ್ತಿನ ನಿಯಮದಂತೆ ಲಾಭದ ಪಾಲು ಎಷ್ಟು, ನಷ್ಟ ಯಾರ ಮೇಲೆ ಎಂಬುದನ್ನು ಕಾಗದದಲ್ಲಿ ಬರೆದು ನೋಂದಾಯಿಸಿ. ತಿಂಗಳಿಗೆ ಇಷ್ಟು ಖಂಡಿತ ಎಂದು ಯಾರಾದರೂ ಹೇಳಿದರೆ ಅದು ವ್ಯಾಪಾರವಲ್ಲ, ಅಲ್ಲಿಂದ ಎದ್ದು ಬನ್ನಿ. ಮೂರು, ಅಲ್ಲಿನ ಒಬ್ಬ ಪಾಲುದಾರ ಇಲ್ಲದೆ ಅಂಗಡಿ ತೆರೆಯಬೇಡಿ, ಅವನು ಮುಸ್ಲಿಮನೇ ಆಗಬೇಕೆಂದಿಲ್ಲ. ನಾಲ್ಕು, ಜಮೀನು ಕೊಳ್ಳುವ ಬದಲು ಬಾಡಿಗೆಗೆ, ಲಾವಣಿಗೆ ಹಿಡಿದು ಮೂರು ವರ್ಷ ನೋಡಿ.

ಸರಕಾರಕ್ಕೂ ಹೇಳಬೇಕಾದ್ದಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಎರಡು ದಶಕ ದಾಟಿದೆ. ಸಮಾವೇಶದ ವೇದಿಕೆಯಿಂದ ಊರನ್ನು ಹೊಗಳುವುದಕ್ಕಿಂತ ಹೆಸರು ರಾಶಿ ಮಾಡುವ ವಾರದಲ್ಲೇ ಖರೀದಿ ಕೇಂದ್ರ ತೆರೆದರೆ, ನಲ್ಲಿಯಲ್ಲಿ ನೀರು ಬಂದರೆ, ಆಸ್ಪತ್ರೆಗೆಂದು ಪ್ರತಿ ಸಲ ಗದಗಕ್ಕೋ ಹುಬ್ಬಳ್ಳಿಗೋ ಓಡುವುದು ತಪ್ಪಿದರೆ, ಅದಕ್ಕಿಂತ ದೊಡ್ಡ ಜಾಹೀರಾತು ಬೇಡ. ಊರಿನವನು ಬಿಟ್ಟು ಹೋಗದ ಊರಿಗೆ ಹೊರಗಿನವನು ತಾನಾಗಿ ಬರುತ್ತಾನೆ.

ನಮಾಝು ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಕುರ್‌ಆನ್ ಕಲಿಸುತ್ತದೆ. ಚದುರುವುದಕ್ಕೆ ನಮ್ಮವರಿಗೆ ಯಾವತ್ತೂ ಹೆದರಿಕೆ ಇರಲಿಲ್ಲ, ಕಡಲು ದಾಟಿದ ಜನ ನಾವು. ಘಟ್ಟ ಹತ್ತುವಾಗ ಕಿಸೆಯ ಜತೆ ಕಣ್ಣು, ಕಿವಿ, ತಕ್ವಾವನ್ನೂ ಕೊಂಡುಹೋದರೆ ರೋಣ, ನರಗುಂದ, ಗಜೇಂದ್ರಗಡದಲ್ಲಿ ಅವರಿಗೂ ನಮಗೂ ಬರ್ಕತ್ ಇದೆ, ಇನ್‌ಶಾ ಅಲ್ಲಾಹ್.